ಇನ್ನೂರೈವತ್ತನಾಲ್ಕು

ರಾಯಚೂರು ಗಂಜಿಗೆ ಹತ್ತಿ ಬರುವ ಕಾಲ.
ಕಚೇರಿಯ ಫ್ಯಾನಿನ ರೆಕ್ಕೆಗೂ ಬಿಳಿ ಮೀಸೆ.
ಹನ್ನೊಂದಕ್ಕೆ ಟೆಂಡರ್ ತೆರೆಯಬೇಕು,
ಹತ್ತೂ ಮುಕ್ಕಾಲಿಗೆ ನನಗೆ ಫೋನು:
"ನೀಲಾಂಬಿಕಾ, ನೆಟ್ ಅದ, ಆದ್ರ ಇಲ್ಲ.
ಕೆಲವರಿಗೆ ಅದ, ಕೆಲವರಿಗೆ ಇಲ್ಲ.
ಲಗೂನ ಬಾರವ್ವ."

ಸರ್ವರ್ ಕೋಣೆ ಎಂದರೆ
ಹಳೇ ಗೋಣಿಚೀಲದ ಕೋಣೆಯೇ.
ಮೂಲೆಯಲ್ಲೊಂದು ಕಬ್ಬಿಣದ ಗೂಡು,
ಅದರೊಳಗೆ ಮಿಣಮಿಣ ಹಸಿರು.
ಪರದೆಯ ಮೇಲೆ ಪಟ್ಟಿ ಬಿಚ್ಚಿದೆ:
ಒಂದರಿಂದ ಇನ್ನೂರೈವತ್ತನಾಲ್ಕರವರೆಗೆ
ಒಂದು ಮನೆಯೂ ಖಾಲಿ ಇಲ್ಲ.

ಸಂಬಳದ ಪುಸ್ತಕದಲ್ಲಿ ಇರುವವರು ಮೂವತ್ತೊಂದು.
ಉಳಿದವರು ಯಾರು?
ಬೆರಳಿಟ್ಟು ಓದಿದೆ:
ದಲಾಲಿ ಅಂಗಡಿಯ ಹುಡುಗರು,
ಅಂದಾನೆಪ್ಪನ ಫೋನು, ಅಂದಾನೆಪ್ಪನ ಇನ್ನೊಂದು ಫೋನು,
ಹಮಾಲರ ತಾಯಪ್ಪ ಮಗಳಿಗೆಂದು ತಂದು
ತಾನೇ ಇಟ್ಟುಕೊಂಡ ಟ್ಯಾಬು,
ಯಾವನೋ ವೈಫೈಗೆ ಕಟ್ಟಿದ ಗೋಡೆ ಗಡಿಯಾರ.
ಮಂಗಳವಾರ ಮಾನ್ವಿಯಿಂದ ಬಂದು
ಬಾಗಿಲಲ್ಲೇ ನಿಂತು ನೀರು ಕುಡಿದು ಹೋದವನಿಗೂ
ಎಂಟು ದಿನದ ಬಾಡಿಗೆ ಚೀಟಿ.
ಅವನು ಮಾನ್ವಿಯಲ್ಲಿದ್ದಾನೆ.
ಇಲ್ಲಿ ಅವನ ಮನೆಗೆ ಬೀಗ.

ಮೊದಲು ಬಾಡಿಗೆಯನ್ನು ಎರಡು ತಾಸಿಗೆ ಇಳಿಸಿದೆ.
ಸಾಲದು. ಹಳೆಯ ಚೀಟಿಗಳು ತಮ್ಮ ಮಾತು ಬಿಡುವುದಿಲ್ಲ.

"ಹಂಗಾರ ಇನ್ನೊಂದು ನೂರು ಮನಿ ಕಟ್ಟಸು,
ಖರ್ಚು ಎಷ್ಟಾಗ್ತದ ಹೇಳು," ಎಂದರು ಕಾರ್ಯದರ್ಶಿ.
ಖರ್ಚಿಲ್ಲರೀ, ಒಂದು ಕಳೀಬೇಕು ಅಷ್ಟ.
ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.
ಮೂವತ್ತು ವರ್ಷ ಲೆಕ್ಕ ಬರೆದ ಮನುಷ್ಯ;
ಕಳೆದರೆ ಹೆಚ್ಚುವುದನ್ನು
ಯಾವ ಖಾತೆಯಲ್ಲೂ ಕಂಡವರಲ್ಲ.

ತೂಕದ ಚೀಟಿಯ ಬೆನ್ನಿಗೆ ಗೆರೆ ಎಳೆದು ತೋರಿಸಿದೆ:
ನಮ್ಮೂರ ಕೋಟೆ ನೋಡ್ರಿ, ಒಳಗೋಡೆ, ಹೊರಗೋಡೆ.
ಸೊನ್ನೆಯ ಓಣಿ ಒಳಗೆ, ಒಂದರ ಓಣಿ ಆಚೆ.
ಮೂರನೇ ಅಂಕಿ ಇನ್ನೂರೈವತ್ತೈದು ಇರುವ ತನಕ
ನಡುವೆ ಗೋಡೆ.
ಅದನ್ನು ಇನ್ನೂರೈವತ್ತನಾಲ್ಕು ಅಂತ ಬರೆದರೆ
ಒಂದೇ ಒಂದು ಕಲ್ಲು ತೆಗೆದಂಗ.
ಎರಡೂ ಓಣಿ ಒಂದೇ ಊರು,
ಐನೂರಾ ಹತ್ತು ಬಾಗಿಲು.

ಬರೆದೆ. ಒತ್ತಿದೆ.
ಹಸಿರು ಕಣ್ಣುಗಳೆಲ್ಲ ಒಮ್ಮೆ ಮುಚ್ಚಿದವು.
ಹಾಲಿನಿಂದ ಕೂಗು ಬಂತು,
"ಇದ್ದದ್ದೂ ಹೋತಲ್ಲೋ!"
ಉಸಿರು ಹಿಡಿದು ಎಣಿಸಿದೆ, ಹನ್ನೆರಡರವರೆಗೆ.
ಮತ್ತೆ ಒಂದೊಂದೇ ಕಣ್ಣು.

ಓಣಿಯ ಕೊನೆಯಲ್ಲೊಂದು ಕಟ್ಟೆ ಇರುತ್ತದೆ,
ಅಲ್ಲಿ ಯಾರಿಗೂ ಮನೆ ಇಲ್ಲ;
ಊರಿಗೆಲ್ಲ ಕೇಳಲೆಂದು ಡಂಗುರ ಹೊಡೆಯುವ ಜಾಗ ಅದು.
ಈಗ ಡಂಗುರ ಆಚೆ ಓಣಿಯ ತುದಿಗೆ ಹೋಯಿತು.
ಹಳೇ ಕಟ್ಟೆ ಬರೀ ಕಟ್ಟೆಯಾಗಿ ಉಳಿಯಿತು.

ಹನ್ನೊಂದೂವರೆಗೆ ಟೆಂಡರ್ ತೆರೆಯಿತು.
ಆಗ ಮೆಹರುನ್ನೀಸಾ ಬಂದಳು, ಕೈಯಲ್ಲಿ ಖಾಲಿ ಕಾಗದ:
"ತೂಕದ ಚೀಟಿ ಬರಲೊಲ್ದು.
ಯಂಕೋಬಂದು ಬರ್ತದ, ನಂದು ಬರಲೊಲ್ದು."

ಯಂಕೋಬ ಇನ್ನೂ ಸೊನ್ನೆಯ ಓಣಿಯಲ್ಲಿದ್ದ.
ಅವಳಿಗೆ ಹೊಸ ಓಣಿಯಲ್ಲಿ ಮನೆ ಸಿಕ್ಕಿತ್ತು.
ತೂಕದ ಕಟ್ಟೆಯ ಪ್ರಿಂಟರಿಗೆ
ಎಂದೋ ಕೆಲಸ ಬಿಟ್ಟು ಹೋದವನು
ಕೈಯಾರೆ ಬರೆದಿಟ್ಟ ಅಂಕಿ.
ಗೋಡೆ ಬಿದ್ದದ್ದು ಅದಕ್ಕೆ ಯಾರೂ ಹೇಳಿರಲಿಲ್ಲ.
ಅವಳ ದನಿ ಅದಕ್ಕೆ ಕೇಳುತ್ತಿತ್ತು;
ಅದರ ಉತ್ತರ ಮಾತ್ರ
ಇಲ್ಲದ ಗೋಡೆಗೆ ಬಡಿದು ಬೀಳುತ್ತಿತ್ತು.

ಪುಟ್ಟ ಗುಂಡಿಗಳು, ಅವುಗಳ ಸಂದಿಯಲ್ಲಿ ಹತ್ತಿ.
ಊದಿದೆ. ಕೆಳಬಾಣ ಒಮ್ಮೆ ಒತ್ತಿದೆ:
ಐದು ನಾಲ್ಕಾಯಿತು.
ಕಟಕಟ ಕಟಕಟ,
ಮೂವತ್ತೇಳು ಚೀಟಿ ಒಂದರ ಹಿಂದೊಂದು
ನೆಲದವರೆಗೆ ಜೋತಾಡಿದವು.
ಹರಿದುಕೊಡುತ್ತ ಮೆಹರುನ್ನೀಸಾ ಹೆಸರು ಕೂಗುತ್ತಿದ್ದಳು.

ಹೊರಡುವಾಗ ನನ್ನ ಫೋನೂ ಹೊಸ ಮನೆ ಕೇಳಿತು.
ನೋಡಿದೆ: ಸೊನ್ನೆಯ ಓಣಿ, ಇನ್ನೂರೈವತ್ತೈದು.
ಡಂಗುರದ ಹಳೇ ಕಟ್ಟೆ.
ಗುತ್ತಿಗೆಯವಳು ನಾನು,
ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ.
ಎರಡು ತಾಸು ಇತ್ತಲ್ಲ ಕೈಯಲ್ಲಿ,
ತಾಯಪ್ಪ ಚಹಾ ತರಿಸಿದ,
ಕೂತೆ.